ರೀತ್‌ಗೆ ಮಲ್ಲಿಗೆ ಬೇಡ, ಮರುಗ ಇರಲಿ

ಧನುರ್ಮಾಸ ಬಂದರೆ ನಮ್ಮಂಥ ಹೂವಿನ ಅಲಂಕಾರದವರಿಗೆ ಮದುವೆ ಆರ್ಡರ್ ಇರುವುದಿಲ್ಲ. ಆಗ ಕೈಹಿಡಿಯುವುದು ಕ್ರಿಸ್‌ಮಸ್. ಮೈಸೂರಿನ ಹೋಟೆಲುಗಳು, ಮನೆಗಳು ಬಾಗಿಲಿಗೆ ರೀತ್, ಅಂದರೆ ಸೊಪ್ಪು-ಕೊಂಬೆ ಕಟ್ಟಿದ ದುಂಡನೆಯ ತೂಗುಬಳೆ ಕೇಳುತ್ತವೆ. ಈಗೀಗ ಪ್ಲಾಸ್ಟಿಕ್ ಬೇಡ, ಘಮ್ ಅನ್ನಬೇಕು ಅಂತಾರೆ.

ಚಳಿ ದೇಶಗಳಲ್ಲಿ ಫರ್, ಪೈನ್ ಕೊಂಬೆ ಕಟ್ಟಿ ಹೊರಗೆ ತೂಗುಹಾಕಿದರೆ ವಾರಗಟ್ಟಲೆ ಹಸಿರಾಗಿರುತ್ತದೆ. ನಮ್ಮಲ್ಲಿ ಡಿಸೆಂಬರ್ ಮಧ್ಯಾಹ್ನವೂ 27-28 ಡಿಗ್ರಿ ಬಿಸಿಲು. ಹಾಗಾಗಿ ಹಸಿಯದನ್ನು ಉಳಿಸಿಕೊಳ್ಳಲು ಒದ್ದಾಡುವುದಕ್ಕಿಂತ, ಒಣಗಿದ ಮೇಲೂ ಘಮ ಉಳಿಯುವ ಸಾಮಾನನ್ನೇ ಆರಿಸುವುದು ಮೇಲು. ದೇವರಾಜ ಮಾರುಕಟ್ಟೆಯಲ್ಲಿ ನನಗೆ ಹೂ ಕೊಡುವ ಅಕ್ಕ ಇದನ್ನೇ ನೇರವಾಗಿ ಹೇಳಿದ್ದರು: 'ಮಲ್ಲಿಗೆ ಯಾಕಪ್ಪಾ, ನಾಳೆ ಹೊತ್ತಿಗೆ ಕೆಂಪಗಾಗುತ್ತೆ. ಮರುಗ ತಗೊಂಡು ಹೋಗು.' ಮರುಗ ಒಣಗಿ ಬೂದು ಹಸಿರಾಗುತ್ತದೆ, ಆದರೆ ಬೆರಳಲ್ಲಿ ಉಜ್ಜಿದರೆ ಪರಿಮಳ ಅಲ್ಲೇ ಇರುತ್ತದೆ. ನೀಲಗಿರಿ ಎಲೆಯೂ ಹಾಗೇ. ಸರ್ವೆ ಸೊಪ್ಪು ನೋಡಲು ಪೈನ್ ಥರ, ಮೂಗಿಗೆ ಏನೂ ಇಲ್ಲ. ತುಂಬಿಸುವುದಕ್ಕೆ ಮಾತ್ರ ಸರಿ.

ಬುಡಕ್ಕೆ ಥರ್ಮಾಕೋಲ್ ಬಳೆ ಬೇಕಿಲ್ಲ. ಮಂಡ್ಯದ ಕಡೆ ಆ ಹೊತ್ತಿಗೆ ಭತ್ತದ ಕೊಯ್ಲು ನಡೆದಿರುತ್ತದೆ. ಚೆನ್ನಾಗಿ ಒಣಗಿದ ಹುಲ್ಲನ್ನು ಬಿಂದಿಗೆ ಹೊರುವ ಸಿಂಬಿ ಸುತ್ತಿದ ಹಾಗೆ ಸುತ್ತಿ, ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಬೇಕು. ಹುಲ್ಲು ಹಸಿಯಿದ್ದರೆ ಒಳಗೆ ಬೂಷ್ಟು ಬರುತ್ತದೆ. ಆಮೇಲೆ ಚಕ್ಕೆ ಲವಂಗ ಏನೇ ಇಟ್ಟರೂ ಮುಗ್ಗಲು ವಾಸನೆಯೇ ಮುಂದೆ.

ಹೆಚ್ಚು ಕೆಲಸ ಕೊಡುವುದು ಕಿತ್ತಳೆ ಬಿಲ್ಲೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ. ಅಡ್ಡಕ್ಕೆ ಕೊಯ್ದರೆ ತೊಳೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಮೂಸಂಬಿಯ ಸಿಪ್ಪೆ ತೊಳೆಗೆ ಅಂಟಿಕೊಂಡಿರುವುದರಿಂದ ಬಿಲ್ಲೆ ದುಂಡಗೆ ನಿಲ್ಲುತ್ತದೆ. ಕಾಲು ಇಂಚು ದಪ್ಪಕ್ಕೆ ಕೊಯ್ದು, ಬಟ್ಟೆಯಲ್ಲಿ ರಸ ಒತ್ತಿ ತೆಗೆದು, ಓವನ್‌ನಲ್ಲಿ ಸುಮಾರು 100 ಡಿಗ್ರಿಗೆ ಮೂರ್ನಾಲ್ಕು ಗಂಟೆ ಇಡಬೇಕು, ನಡುವೆ ತಿರುವಿ ಹಾಕುತ್ತಾ. ನಡುಭಾಗ ಬೆರಳಿಗೆ ಅಂಟಿದರೆ ಇನ್ನೂ ಆಗಿಲ್ಲ. ಹಾಗೇ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಇರುವೆ ಸಾಲು ಹಿಡಿದಿರುತ್ತದೆ. ಕೊಡಗಿನ ಕಿತ್ತಳೆಯದು ಬರೀ ಸಿಪ್ಪೆ ಒಣಗಿಸಿ ಸಿಕ್ಕಿಸಿ, ಅದರ ಘಮ ಮೂಸಂಬಿಗೆ ಎಲ್ಲಿಂದ ಬರಬೇಕು!

ಚಕ್ಕೆ, ಅನಾನಸ್ ಹೂ (ನಕ್ಷತ್ರದ ಆಕಾರದ ಮಸಾಲೆ), ಲಾವಂಚದ ಬೇರು ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಅಡುಗೆಯ ಚಪ್ಪಟೆ ಚಕ್ಕೆ ಕಟ್ಟಲು ಬರುವುದಿಲ್ಲ, ಸುರುಳಿ ಇರುವುದನ್ನೇ ಕೇಳಿ. ಲಾವಂಚಕ್ಕೆ ಒಂದು ಗುಣ, ನೀರು ಚಿಮುಕಿಸಿದರೆ ಮತ್ತೆ ಘಮಘಮ. ಆದ್ದರಿಂದ ಅದನ್ನು ಕೆಳತುದಿಯಲ್ಲಿ ಜಡೆ ಹೆಣೆದು ಇಳಿಬಿಡುತ್ತೇನೆ. ಅಲ್ಲಿ ಒದ್ದೆ ಮಾಡಿದರೆ ಹುಲ್ಲಿಗೆ ತಾಕುವುದಿಲ್ಲ.

ಭಾರದ್ದನ್ನೆಲ್ಲ ಮೊದಲು ಸಣ್ಣ ತಂತಿಯಲ್ಲಿ ಬಿಗಿಯುವುದು. ಗ್ಲೂ ಗನ್ ಅಂಟು ಬಿಸಿಲು ಬೀಳುವ ಬಾಗಿಲಲ್ಲಿ ಮೆತ್ತಗಾಗಿ ಜಾರುತ್ತದೆ. ಮರುಗ ಕೊನೆಗೆ, ಕೈಗೆ ತಾಕುವ ಮಟ್ಟದಲ್ಲಿ. ಬಾಗಿಲು ತೆಗೆಯುವವರ ತೋಳು ಸವರಿದಾಗಲೇ ಅದು ಪರಿಮಳ ಬಿಡುವುದು.

ಕೆಲವರು ಮಿಂಚಲಿ ಅಂತ ವಾರ್ನಿಶ್ ಹೊಡೆಸಲು ಕೇಳುತ್ತಾರೆ. ನಾನು ಹೊಡೆಯುವುದಿಲ್ಲ. ಅದು ಮೇಲೊಂದು ಪದರ ಕೂತು ಚಕ್ಕೆಯ ವಾಸನೆಯನ್ನು ಮುಚ್ಚಿಬಿಡುತ್ತದೆ, ಅದಕ್ಕೆ ದುಡ್ಡು ಬೇರೆ ಕೊಡಬೇಕಾ? ಹಬ್ಬ ಮುಗಿದ ಮೇಲೆ ಬಿಲ್ಲೆ, ಮರುಗ, ಹುಲ್ಲು ಗೊಬ್ಬರದ ಗುಂಡಿಗೆ. ಚಕ್ಕೆ, ಅನಾನಸ್ ಹೂ ಮಾತ್ರ ಬಿಚ್ಚಿ ಡಬ್ಬಿಗೆ ಹಾಕಿಡಲು ಹೇಳುತ್ತೇನೆ, ಮುಂದಿನ ವರ್ಷ ಅದನ್ನೇ ತಂದುಕೊಟ್ಟರೆ ಬಿಲ್ಲಿನಲ್ಲಿ ಅಷ್ಟು ಕಡಿಮೆ ಮಾಡುತ್ತೇನೆ.