ಹಳೇ ಕಾರೇ ಗಟ್ಟಿ ಅಲ್ವಾ?

ನನ್ನ ಹತ್ತಿರ ಎರಡು ಕಾರುಗಳಿವೆ. ಒಂದು 1969ರ ಫೋಕ್ಸ್‌ವ್ಯಾಗನ್ ಬೀಟಲ್. ಇನ್ನೊಂದು, ಯಾರೂ ತಿರುಗಿ ನೋಡದ ಇತ್ತೀಚಿನ ಸಣ್ಣ ಕಾರು. ಮನೆಗೆ ಬಂದವರು ಸೀದಾ ಬೀಟಲ್ ಹತ್ತಿರ ಹೋಗಿ ಮಡ್‌ಗಾರ್ಡ್ ಮೇಲೆ ಟಕ್ ಟಕ್ ಅಂತ ಬಡಿಯುತ್ತಾರೆ. ಆಮೇಲೆ ಅದೇ ಪ್ರಶ್ನೆ: "ಆಗಿನ ತಗಡೇ ಬೇರೆ. ಹಳೇ ಕಾರೇ ಗಟ್ಟಿ ಅಲ್ವಾ?"

ತಗಡು ಗಟ್ಟಿ, ಒಪ್ಪಿದೆ. ಒಳಗೆ ಕೂತವರ ಕಥೆ ಬೇರೆ.

2009ರಲ್ಲಿ ಅಮೆರಿಕದಲ್ಲಿ, ವಿಮಾ ಕಂಪನಿಗಳು ಸೇರಿ ನಡೆಸುವ ರಸ್ತೆ ಸುರಕ್ಷತಾ ಸಂಸ್ಥೆಯೊಂದು 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಶೆವ್ರೊಲೆ ಮಾಲಿಬು ಕಾರುಗಳನ್ನು ಎದುರುಬದುರಾಗಿ ಗುದ್ದಿಸಿತು. ವೇಗ ಗಂಟೆಗೆ ಸುಮಾರು 64 ಕಿ.ಮೀ. ಬೆಲ್ ಏರ್ ನೋಡಲು ಹಡಗಿನಂಥ ಕಾರು. ಆದರೆ ಅದರ ಕ್ಯಾಬಿನ್ನೇ ಮುದುಡಿಹೋಯಿತು. ಸ್ಟೇರಿಂಗ್ ಡ್ರೈವರ್ ಜಾಗದ ಬೊಂಬೆಯ ಮೇಲೆ ನುಗ್ಗಿತು. ಮನುಷ್ಯನಾಗಿದ್ದರೆ ಬದುಕುವುದು ಕಷ್ಟ. ಮಾಲಿಬುವಿನ ಮೂತಿ ಪುಡಿಯಾಯಿತು, ಬೊಂಬೆಗೆ ಮಾತ್ರ ಕಾಲಿಗೆ ಪೆಟ್ಟಾಗಬಹುದಿತ್ತು, ಅಷ್ಟೆ. ಹೊಸ ಕಾರಿನ ಮುಂಭಾಗ ಬೇಕೆಂದೇ ನಜ್ಜುಗುಜ್ಜಾಗುತ್ತದೆ. ಪೆಟ್ಟನ್ನು ಅದು ತಿನ್ನುತ್ತದೆ, ಕ್ಯಾಬಿನ್ ಉಳಿಯುತ್ತದೆ. ಮುಂಭಾಗ ಜಗ್ಗದಿದ್ದರೆ ಪೆಟ್ಟು ಸೀದಾ ನಮಗೇ.

ನನ್ನ ಬೀಟಲ್‌ನಲ್ಲಿ ಎಂಜಿನ್ ಹಿಂದೆ. ಪೆಟ್ರೋಲ್ ಟ್ಯಾಂಕ್ ಮುಂದೆ, ನನ್ನ ಕಾಲಿಗಿಂತ ಸ್ವಲ್ಪ ಆಚೆ. ಇದನ್ನು ಹೇಳಿದಾಗ ಮಡ್‌ಗಾರ್ಡ್ ಬಡಿಯುವ ಕೈ ಸ್ವಲ್ಪ ನಿಲ್ಲುತ್ತದೆ.

ಬ್ರೇಕ್ ವಿಷಯ ಇನ್ನೂ ಇದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಉದ್ದದ ಇಳಿಜಾರಿನಲ್ಲಿ ಒತ್ತುತ್ತಲೇ ಇದ್ದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಕಮ್ಮಿಯಾಗುತ್ತದೆ. ಒಮ್ಮೆ ವಾರವಿಡೀ ಹೊಸ ಕಾರು ಓಡಿಸಿ, ಭಾನುವಾರ ಇದನ್ನು ತೆಗೆದೆ. ಅಭ್ಯಾಸಬಲದಿಂದ ಮೆತ್ತಗೆ ಕಾಲಿಟ್ಟೆ. ಕಾರು ಸುಮ್ನೆ ಮುಂದೆ ಹೋಗುತ್ತಲೇ ಇತ್ತು. ತಪ್ಪು ನನ್ನದೇ. ಅವತ್ತಿನಿಂದ ಮುಂದಿನ ಗಾಡಿಗೆ ದುಪ್ಪಟ್ಟು ಅಂತರ ಬಿಡುತ್ತೇನೆ.

ಹಾಗಾದರೆ ಯಾಕೆ ಇಟ್ಟುಕೊಂಡಿದ್ದೀರಿ ಅಂತೀರಾ? ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಗಾಜು ತೊಳೆಯುವ ನೀರನ್ನೇ ನೋಡಿ. ಅದಕ್ಕೆ ಮೋಟರ್ ಇಲ್ಲ, ಸ್ಟೆಪ್ನಿ ಚಕ್ರದ ಗಾಳಿಯೇ ನೀರನ್ನು ಚಿಮ್ಮಿಸುತ್ತದೆ! ಗಾಳಿ ತೀರಾ ಇಳಿಯದಂತೆ ಒಂದು ವಾಲ್ವ್ ತಡೆಯುತ್ತದೆ. ಇದನ್ನು ಯೋಚಿಸಿದವರಿಗೆ ಕೈಮುಗಿಯಬೇಕು. ಸುಮಾರು 5,000 ಕಿ.ಮೀ.ಗೊಮ್ಮೆ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವ್‌ಗಳಿಗೆ ಬಿಡುವ ಸಣ್ಣ ಸಂದು, ಸರಿಮಾಡುತ್ತೇನೆ. ಸಡಿಲವಾದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಹೊಸ ಕಾರಿಗೆ ಏನಾದರೂ ಆದರೆ ಒಂದು ಹಳದಿ ದೀಪ ಉರಿಯುತ್ತದೆ. ಯಾಕೆ ಅಂತ ತಿಳಿಯಲು ಸ್ಕ್ಯಾನರ್ ಹಾಕಬೇಕು. ಆದರೆ ಆ ದೀಪ ಉರಿಯುವುದೇ ಅಪರೂಪ, ಅದನ್ನೂ ಹೇಳಬೇಕಲ್ಲ. ಬೀಟಲ್‌ಗೆ ತಿಂಗಳಿಗೊಂದು ಹೊಸ ಸದ್ದು ಇದ್ದೇ ಇರುತ್ತದೆ.

ಮಳೆ, ರಾತ್ರಿ, ಹೆದ್ದಾರಿ, ಮಕ್ಕಳು: ಇವಕ್ಕೆ ಹೊಸ ಕಾರು. ಇದರಲ್ಲಿ ಚರ್ಚೆಯೇ ಇಲ್ಲ.

ಇಷ್ಟು ಹೇಳಿದ ಮೇಲೂ ಕೇಳಿದವರು ಹೊರಡುವಾಗ ಇನ್ನೊಮ್ಮೆ ಮಡ್‌ಗಾರ್ಡ್ ಬಡಿಯುತ್ತಾರೆ. ನಾನು ಕೀ ಕೊಟ್ಟು, ಒಂದು ಸುತ್ತು ಹೋಗಿಬನ್ನಿ ಅನ್ನುತ್ತೇನೆ. ಕಿಟಕಿಯಲ್ಲಿ ಬಗ್ಗಿ, "ಬ್ರೇಕ್ ಮಾತ್ರ ಸ್ವಲ್ಪ ಮುಂಚೆನೇ ಒತ್ತಿ" ಅನ್ನುವುದನ್ನು ಮರೆಯುವುದಿಲ್ಲ.