ಚೌಕಾಬಾರಕ್ಕೆ ಗೇಮ್‌ಪ್ಯಾಡ್: ವೆಬ್‌ಎಚ್‌ಐಡಿ ಬಿಟ್ಟಾಯ್ತು

ಈ ವಾರ ವೆಬ್‌ಎಚ್‌ಐಡಿ (ಜೋಡಿಸಿದ ಸಾಧನಗಳ ಜೊತೆ ವೆಬ್ ಪುಟ ನೇರವಾಗಿ ಮಾತಾಡುವ ವ್ಯವಸ್ಥೆ) ಕೋಡ್ ಪೂರ್ತಿ ಕಿತ್ತು ಹಾಕಿದೆ. ನಮ್ಮ ಬ್ರೌಸರ್ ಚೌಕಾಬಾರ ಈಗ ಗೇಮ್‌ಪ್ಯಾಡ್ ಎಪಿಐ, ಅಂದರೆ ಆಟದ ಪ್ಯಾಡಿನ ಗುಂಡಿಗಳನ್ನು ಪುಟಕ್ಕೆ ಓದಿಕೊಡುವ ಬ್ರೌಸರ್ ಸೌಲಭ್ಯದ ಮೇಲೆ ಓಡುತ್ತಿದೆ. ವೆಬ್‌ಎಚ್‌ಐಡಿ 2021ರಲ್ಲಿ ಕ್ರೋಮ್ 89ರಲ್ಲಿ ಬಂತು. ಆದರೆ ಅದು ಡಬ್ಲ್ಯೂಥ್ರೀಸಿ (ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡದ ದಾರಿಯಲ್ಲೇ ಇಲ್ಲ, ಫೈರ್‌ಫಾಕ್ಸ್‌ನ ಮೊಜಿಲ್ಲಾ, ಸಫಾರಿಯ ಆಪಲ್ ಎರಡೂ ಒಪ್ಪಿಲ್ಲ. ಗುಬ್ಬಿಯಲ್ಲಿರುವ ಚಿಕ್ಕಪ್ಪನ ಮಗ ಫೈರ್‌ಫಾಕ್ಸ್ ಬಿಟ್ಟು ಬೇರೇನೂ ಮುಟ್ಟಲ್ಲ. ಅವನಿಲ್ಲದೆ ನಾಲ್ಕನೇ ಆಟಗಾರ ಎಲ್ಲಿಂದ ತರೋದು?

ಗೇಮ್‌ಪ್ಯಾಡ್ ಎಪಿಐ ಕೂಡ ಒಂದು ಕಾಲದಲ್ಲಿ ಪ್ರಯೋಗವೇ. 2012ರಲ್ಲಿ ಮೊದಲ ಸಾರ್ವಜನಿಕ ಕರಡು ಬಂತು. ಆಗ ಕ್ರೋಮ್‌ನಲ್ಲಿ ಹೆಸರಿನ ಮುಂದೆ ‘ವೆಬ್‌ಕಿಟ್’ ಅಂಟಿಸಿ ಕರೆಯಬೇಕಿತ್ತು. ಈಗ ಎಲ್ಲ ಕಡೆ ಒಂದೇ ಹೆಸರು. ಆಟಗಳಲ್ಲಿ ಮೌಸನ್ನು ಪುಟದೊಳಗೇ ಹಿಡಿದಿಡುವ ಪಾಯಿಂಟರ್ ಲಾಕ್ 2016ರಲ್ಲೇ ಡಬ್ಲ್ಯೂಥ್ರೀಸಿಯ ಅಂತಿಮ ಶಿಫಾರಸು, ಅಂದರೆ ಪೂರ್ಣ ಮಾನದಂಡವಾಯಿತು, ಗೇಮ್‌ಪ್ಯಾಡ್ ಎಪಿಐಗೆ ಮಾತ್ರ ಆ ಪಟ್ಟ ಸಿಕ್ಕಿಲ್ಲ.

ಯಾಕೆ ಅಂತ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ತಂದ ಅಗ್ಗದ ಪ್ಯಾಡ್ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಬ್ರೌಸರ್‌ಗೆ ಪ್ಯಾಡ್ ಗುರುತು ಸಿಕ್ಕರೆ ‘ಸ್ಟ್ಯಾಂಡರ್ಡ್’ ಮ್ಯಾಪಿಂಗ್ (ಯಾವ ಗುಂಡಿಗೆ ಯಾವ ಸಂಖ್ಯೆ ಅನ್ನೋ ಪಟ್ಟಿ) ಕೊಡುತ್ತದೆ. ಬಾಣದ ಗುಂಡಿಗಳು 12ರಿಂದ 15. ಗುರುತು ಸಿಗದಿದ್ದರೆ ಮ್ಯಾಪಿಂಗ್ ಜಾಗ ಖಾಲಿ. ನನ್ನದು ಖಾಲಿ. ಬಾಣಗಳೆಲ್ಲ ಒಂದೇ ಆಕ್ಸಿಸ್ (ಕಡ್ಡಿ ಎಷ್ಟು ವಾಲಿದೆ ಅಂತ ಹೇಳುವ ಅಂಕಿ) ಆಗಿ ಬರುತ್ತವೆ. ಮೇಲೆ ಒತ್ತಿದರೆ -1, ಕೆಳಗೆ 0.14, ಕೈ ಬಿಟ್ಟರೆ 3.29! ಆಕ್ಸಿಸ್ -1ರಿಂದ 1ರೊಳಗೆ ಇರಬೇಕು ಅಂತ ಕರಡಿನಲ್ಲಿದೆ, ಅಲ್ವಾ? ಒಳಗೆ ನಡೆಯೋದು ಇಷ್ಟು: ಎಂಟು ದಿಕ್ಕಿಗೆ ಪ್ಯಾಡ್ 0ಯಿಂದ 7 ಕಳಿಸುತ್ತದೆ, ಏನೂ ಒತ್ತದಿದ್ದರೆ 15. ಬ್ರೌಸರ್ ಆ 0ಯಿಂದ 7ನ್ನು -1ರಿಂದ 1ಕ್ಕೆ ಹಿಗ್ಗಿಸುತ್ತದೆ, 15ನ್ನೂ ಅದೇ ಲೆಕ್ಕಕ್ಕೆ ಹಾಕುತ್ತದೆ. ಈಗ 1 ದಾಟಿದ್ದೆಲ್ಲ ‘ಸುಮ್ಮನಿದೆ’ ಅಂತ ಬರೆದಿದ್ದೇನೆ. ಕರಡಿಗೆ ವೈಬ್ರೇಶನ್ ಸೇರಿಸುವ ಮುಂಚೆ ಇಂಥ ಬಾಣಗಳಿಗೆ ಅದರಲ್ಲಿ ಒಂದು ಸರಿಯಾದ ಜಾಗ ಕೊಡಬೇಕಿತ್ತು ಅನ್ನೋದು ನನ್ನ ತಕರಾರು.

ಇನ್ನೊಂದು ವಿಷಯ. ಒಂದು ಗುಂಡಿ ಒತ್ತುವವರೆಗೂ ಪುಟಕ್ಕೆ ಪ್ಯಾಡ್ ಕಾಣಿಸಲ್ಲ. ಯಾರ ಬಳಿ ಯಾವ ಪ್ಯಾಡ್ ಇದೆ ಅಂತ ಸೈಟುಗಳು ಕದ್ದು ನೋಡಬಾರದು ಅಂತ ಹಾಗೆ ಮಾಡಿದ್ದಾರೆ. ಅದಕ್ಕೆ ಮಣೆಯ ಮೇಲೆ ‘ಯಾವುದಾದರೂ ಗುಂಡಿ ಒತ್ತಿ’ ಅಂತ ಹಾಕಿದ್ದೇನೆ. ಅಜ್ಜಿ ನೋಡಿ, “ಕವಡೆ ಹಾಕಕ್ಕೂ ಗುಂಡಿ ಬೇಕೇನೋ ಮಗಾ?” ಅಂದರು. ಆದರೂ ಎರಡು ಸಲ ಬಾರ ಹಾಕಿ ನನ್ನ ಕಾಯಿ ಹೊಡೆದರು.

ಮುಂದಿನ ಕೆಲಸ ಪರೀಕ್ಷೆಗಳದ್ದು. ಗೇಮ್‌ಪ್ಯಾಡ್ ಎಪಿಐ ಶಿಫಾರಸಿನ ಹಂತಕ್ಕೆ ಹೋಗಲು ಬೇರೆ ಬೇರೆ ಬ್ರೌಸರ್‌ಗಳು ಒಂದೇ ರೀತಿ ನಡೆದುಕೊಳ್ಳುತ್ತವೆ ಅಂತ ತೋರಿಸಬೇಕು. ಎಲ್ಲ ಬ್ರೌಸರ್‌ಗಳಿಗೂ ಸಾಮಾನ್ಯವಾದ ಪರೀಕ್ಷೆಗಳ ಸಂಗ್ರಹ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್‌ನ ಗೇಮ್‌ಪ್ಯಾಡ್ ಭಾಗದಲ್ಲಿ ಕೈಯಾರೆ ಗುಂಡಿ ಒತ್ತಿಯೇ ನಡೆಸಬೇಕಾದ ಪರೀಕ್ಷೆಗಳಿವೆ. ಅವನ್ನು ಅಗ್ಗದ ಪ್ಯಾಡ್ ಇಟ್ಟುಕೊಂಡು ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಓಡಿಸುತ್ತೇನೆ. ಸಫಾರಿಗೆ ಯಾರದಾದರೂ ಮ್ಯಾಕ್ ಸಾಲ ಕೇಳಬೇಕು.