ಹುಬ್ಬಳ್ಳಿಯಿಂದ ಸಾವಳಗಿಗೆ: ಸಣ್ಣ ಸಂಸ್ಥಾನಗಳ ದಾರಿಯಲ್ಲಿ

ಹುಬ್ಬಳ್ಳಿ ಬಿಟ್ಟ ಬಸ್ಸು ತಾಸಿನೊಳಗೆ ಕುಂದಗೋಳ ಮುಟ್ಟುತ್ತದೆ. ದಾರಿಯ ಎರಡೂ ಬದಿಗೆ ಎರೆಹೊಲ, ಹತ್ತಿ, ಮೆಣಸಿನಗಿಡ. 1948ರ ಮಾರ್ಚ್‌ಗೆ ಮೊದಲು ಈ ದಾರಿಯಲ್ಲಿ ಬಂದವರು ನಡುವೆ ಎಲ್ಲೋ ಒಂದು ಕಡೆ ಮುಂಬಯಿ ಪ್ರಾಂತವನ್ನು ಬಿಟ್ಟು ಜಮಖಂಡಿ ಸಂಸ್ಥಾನವನ್ನು ಹೊಗುತ್ತಿದ್ದರು. ಜಮಖಂಡಿ ಇರುವುದು ಇಲ್ಲಿಂದ ಉತ್ತರಕ್ಕೆ, ನೂರೈವತ್ತು ಕಿಲೋಮೀಟರಿನಷ್ಟು ದೂರದಲ್ಲಿ. ನಡುವೆ ಯಾರು ಯಾರದೋ ನೆಲ. ಆದರೂ ಕುಂದಗೋಳದ ರೈತ ಕಂದಾಯ ಕಟ್ಟುತ್ತಿದ್ದದ್ದು ಜಮಖಂಡಿಯ ಪಟವರ್ಧನರಿಗೆ.

ನಾನು ಮೈಸೂರು ಸೀಮೆಯಲ್ಲಿ ಬೆಳೆದವನು. ಸಂಸ್ಥಾನ ಎಂದರೆ ನಮಗೆ ಒಂದೇ: ದೊಡ್ಡದು, ಒಟ್ಟಾಗಿರುವುದು, ದಸರೆ ನಡೆಸುವುದು. ದೇಶ ಒಂದಾದ ಕಥೆಯನ್ನೂ ನಾವು ದೊಡ್ಡ ಹೆಸರುಗಳಲ್ಲೇ ಕೇಳಿದವರು. ಹೈದರಾಬಾದ್, ಜುನಾಗಢ, ಕಾಶ್ಮೀರ; ಪಟೇಲರು, ಅವರ ಕಾರ್ಯದರ್ಶಿ ವಿ.ಪಿ. ಮೆನನ್. ಐನೂರಕ್ಕೂ ಮಿಕ್ಕಿ ಸಂಸ್ಥಾನಗಳಿದ್ದವು ಎಂದು ಪರೀಕ್ಷೆಗೆ ಬರೆದಿದ್ದೇವೆ, ಆದರೆ ಆ ಐನೂರರಲ್ಲಿ ಹಲವು ನಮ್ಮ ಉತ್ತರ ಕರ್ನಾಟಕದಲ್ಲೇ ಇದ್ದವು ಎಂಬುದು ತಲೆಗೆ ಹತ್ತಿರಲಿಲ್ಲ. ಮುಂಬಯಿ ಪ್ರಾಂತದ ಒಂದು ಹಳೆಯ ನಕ್ಷೆಯಲ್ಲಿ ಧಾರವಾಡ ಜಿಲ್ಲೆ ಕೌದಿಯ ಹಾಗೆ ಬಣ್ಣಬಣ್ಣದ ತುಂಡುಗಳಾಗಿ ಕಂಡ ಮೇಲೆ, ಆ ತುಂಡುಗಳ ಮೇಲೆ ಒಮ್ಮೆ ಓಡಾಡಿ ಬರೋಣ ಎನ್ನಿಸಿತು.

ಕುಂದಗೋಳದಲ್ಲಿ ಎಲ್ಲರೂ ಕೈ ತೋರಿಸುವುದು ನಾಡಿಗರ ವಾಡೆಯ ಕಡೆಗೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಇದು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಕಲಿಕೆಯೊಂದಿಗೆ ಈ ಊರಿನ ಹೆಸರು ಕೂಡಿಕೊಂಡಿದೆ. ಅವರಿಗೆ ಕಲಿಸಿದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮೀರಜದಲ್ಲಿ. ಧಾರವಾಡದ ನೆಲದಲ್ಲಿ ಹಿಂದೂಸ್ತಾನಿ ಸಂಗೀತ ಬೇರೂರಿದ್ದು ಹೇಗೆಂದು ಕೇಳಿದರೆ ಹವೆ, ನೀರು ಎಂದೆಲ್ಲ ಹೇಳುವುದುಂಟು. ಈ ಊರುಗಳು ಜಮಖಂಡಿ, ಮೀರಜ, ಸಾಂಗ್ಲಿಗಳಿಗೆ ಸೇರಿದ್ದವು, ಅಧಿಕಾರಿಗಳೂ ಕಲಾವಿದರೂ ಆ ದಾರಿಯಲ್ಲಿ ಬಂದುಹೋಗುತ್ತಿದ್ದರು ಎಂಬುದೂ ಒಂದು ಕಾರಣವಿರಬೇಕು ಎಂದು ನನ್ನ ಅಂದಾಜು.

ಕುಂದಗೋಳದಿಂದ ಮುಂದಕ್ಕೆ ಗುಡಗೇರಿ. ಅದು ಕಿರಿಯ ಮೀರಜದ ಪಾಲು. ಅಲ್ಲಿಂದ ಪೂರ್ವಕ್ಕೆ ಲಕ್ಷ್ಮೇಶ್ವರ, ಹಿರಿಯ ಮೀರಜದ್ದು. ಲಕ್ಷ್ಮೇಶ್ವರದಿಂದ ಟಂಟಂ ಹತ್ತಿದರೆ ಸ್ವಲ್ಪ ಹೊತ್ತಿಗೇ ಶಿರಹಟ್ಟಿ, ಅದು ಸಾಂಗ್ಲಿಯದು. ಇತ್ತ ನೈಋತ್ಯಕ್ಕೆ ತಿರುಗಿದರೆ ಸವಣೂರು, ನವಾಬರದು. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಡ್ಲಿ ತಿಂದು ಹೊರಟವನು ಸಂಜೆ ಸವಣೂರು ಖಾರಾ ಕಟ್ಟಿಸಿಕೊಳ್ಳುವ ಹೊತ್ತಿಗೆ, ನಡುವಿನ ಮುಂಬಯಿ ಪ್ರಾಂತದ ಹಳ್ಳಿಗಳನ್ನು ಬಿಟ್ಟೇ ಐದು ದೊರೆಗಳ ಸೀಮೆ ದಾಟಿರುತ್ತಾನೆ. ಹೀಗೇಕೆ ಚೂರುಚೂರಾಯಿತು ಎಂದರೆ, ಜಮಖಂಡಿ, ಎರಡೂ ಮೀರಜ, ಸಾಂಗ್ಲಿ ಎಲ್ಲವನ್ನೂ ಆಳುತ್ತಿದ್ದ ಪಟವರ್ಧನರು ಪೇಶ್ವೆಯ ಸರದಾರರು. ಸೈನ್ಯ ಸಾಕಲು ಅವರಿಗೆ ಜಹಗೀರು ಸಿಕ್ಕಿದ್ದು ಇಲ್ಲೊಂದು ಪರಗಣೆ, ಅಲ್ಲೊಂದು ಪರಗಣೆ ಎಂದು. ಮುಂದೆ ಅಣ್ಣತಮ್ಮಂದಿರು ಪಾಲಾದಾಗ ಒಂದು ಮೀರಜ ಹಲವಾಯಿತು. ಆಸ್ತಿ ಜಗಳ ನಮಗೆ ಹೊಸದೇನಲ್ಲ. ಈ ಜಗಳದ ಗೆರೆಗಳನ್ನು ಬ್ರಿಟಿಷರು ಹಾಗೆಯೇ ಗಟ್ಟಿಮಾಡಿ ಗಡಿ ಎಂದು ಕರೆದರು, ಅಷ್ಟೇ.

ಶಿರಹಟ್ಟಿಯ ಟಂಟಂನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರು, "ಯಾವ ಊರಾಯಿತು ತಮ್ಮದು?" ಎಂದು ಮಾತಿಗೆಳೆದರು. ನಾನು ಬಂದ ಕಾರಣ ಹೇಳಿದೆ. ಅವರು ನಕ್ಕರು. "ನಮ್ಮಪ್ಪ ಹೇಳುತ್ತಿದ್ದರು ನೋಡಿ, ಮನೆ ಮೀರಜದಲ್ಲಿ, ಹೊಲ ಸಾಂಗ್ಲಿಯಲ್ಲಿ ಅಂತ. ಎತ್ತು ಹೊಡೆದುಕೊಂಡು ದಿನಾ ಪರರಾಜ್ಯಕ್ಕೆ ಹೋಗಿಬರುತ್ತಿದ್ದರಂತೆ." ಆ ಮೇಲೆ ನನಗೆ ಫಕೀರೇಶ್ವರ ಮಠ ಎಲ್ಲಿ ಇಳಿದರೆ ಹತ್ತಿರ ಎಂದು ಹೇಳಿ, ತಮ್ಮ ಮೊಮ್ಮಗನ ನೌಕರಿಯ ವಿಷಯಕ್ಕೆ ಹೋದರು.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ತುಂಬಾ ಹೊತ್ತು ಕೂತೆ. ಇದು ಹಳೆಯ ಪುಲಿಗೆರೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕು ಊರುಗಳ ನಡುವಿನ ಕನ್ನಡವೇ ಕನ್ನಡದ ತಿರುಳು ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳುತ್ತದೆ. ಇಂದಿನ ಹೆಸರಿನಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. 1947ರಲ್ಲಿ ಇವುಗಳ ಸ್ಥಿತಿ ನೋಡಿ: ಪಟ್ಟದಕಲ್ಲು ಮತ್ತು ಒಕ್ಕುಂದ ಮುಂಬಯಿ ಪ್ರಾಂತದಲ್ಲಿ, ಕೊಪ್ಪಳ ನಿಜಾಮನ ಹೈದರಾಬಾದಿನಲ್ಲಿ, ಲಕ್ಷ್ಮೇಶ್ವರ ಮೀರಜದ ದೊರೆಯ ಕೈಯಲ್ಲಿ. ತಿರುಳ್ಗನ್ನಡದ ನಾಡು ಮೂರು ಸರಕಾರಗಳ ಕೆಳಗೆ, ಒಂದರಲ್ಲೂ ದರ್ಬಾರಿನ ಭಾಷೆ ಕನ್ನಡವಲ್ಲ. ಏಕೀಕರಣದ ಮಾತೆತ್ತಿದರೆ ಆಲೂರು ವೆಂಕಟರಾಯರಂಥವರು ಯಾಕೆ ಅಷ್ಟು ಆವೇಶದಿಂದ ಮಾತನಾಡುತ್ತಿದ್ದರು ಎಂಬುದು ಮೈಸೂರಿನಲ್ಲಿ ಕೂತವರಿಗೆ ಹೊಳೆಯುವುದು ಕಷ್ಟ.

ಸವಣೂರಿನಲ್ಲಿ ನೋಡಬೇಕಾದದ್ದು ದೊಡ್ಡಹುಣಸೆ ಮರಗಳನ್ನು. ಆಫ್ರಿಕಾದಿಂದ ಬಂದ ಜಾತಿ. ಬುಡದ ಮುಂದೆ ನಿಂತರೆ ಮನುಷ್ಯ ಆಟಿಕೆಯಾಗುತ್ತಾನೆ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಮುತ್ತಿಗೆ ಹಾಕಿ ನವಾಬನನ್ನು ಬಗ್ಗಿಸಿದ. ಆ ಬಳಿಕ ಕರಗುತ್ತ ಬಂದ ರಾಜ್ಯ ಕೊನೆಗೆ ಇನ್ನೂರು ಚದರ ಕಿಲೋಮೀಟರಿಗಿಂತ ಕಡಿಮೆ ಉಳಿಯಿತು. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಇಲ್ಲಿ. ಎಂಬತ್ತರ ದಶಕದಲ್ಲಿ ಕನ್ನಡಕ್ಕಾಗಿ ಬೀದಿಗಿಳಿದವರೆಲ್ಲ ಯಾರ ವರದಿಯನ್ನು ಜಾರಿಮಾಡಿ ಎಂದು ಕೂಗಿದರೋ ಅವರು ಹುಟ್ಟುವಾಗ ನವಾಬರ ಪ್ರಜೆ.

ಹಿಂದಿರುಗಿ ಹುಬ್ಬಳ್ಳಿಗೆ ಬಂದು ಮರುದಿನ ಉತ್ತರದ ಬಸ್ಸು ಹಿಡಿದೆ. ನವಲಗುಂದ ದಾಟಿ ನರಗುಂದ, ಅಲ್ಲಿಂದ ರಾಮದುರ್ಗ. ಇವೆರಡೂ ಒಂದೇ ಭಾವೆ ಮನೆತನದ ಕವಲುಗಳು. 1858ರಲ್ಲಿ ನರಗುಂದದ ಬಾಬಾಸಾಹೇಬ ಬಂಡೆದ್ದ. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ಸತ್ತ, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು, ನರಗುಂದ ಮುಂಬಯಿ ಪ್ರಾಂತದಲ್ಲಿ ಕರಗಿತು. ಬಂಡೇಳದ ರಾಮದುರ್ಗ ಇನ್ನೂ ತೊಂಬತ್ತು ವರ್ಷ ಸಂಸ್ಥಾನವಾಗಿ ಉಳಿಯಿತು. ಸಂಸ್ಥಾನ ಉಳಿದದ್ದು ಯಾವ ಬೆಲೆಗೆ ಎಂದು ಇಲ್ಲಿಯ ಪ್ರಜೆಗಳು 1939ರ ಏಪ್ರಿಲ್‌ನಲ್ಲಿ ಕೇಳಿದರು. ಪ್ರಜಾಸಂಘದ ಚಳವಳಿ, ನಾಯಕರ ಬಂಧನ, ಸೇರಿದ ಗುಂಪು, ಕೈಮೀರಿದ ಸಿಟ್ಟು, ಪೊಲೀಸರ ಕೊಲೆ, ಆಮೇಲೆ ಗಲ್ಲು ಶಿಕ್ಷೆಗಳು. ಮಲಪ್ರಭೆಯ ದಂಡೆಯ ಈ ಊರಿನಲ್ಲಿ ಓಡಾಡುವಾಗ ನನಗೆ ಅನ್ನಿಸಿದ್ದು ಇದು: ಒಂಬತ್ತು ವರ್ಷಗಳ ನಂತರ ದೊರೆಗಳು ಸದ್ದಿಲ್ಲದೆ ಸಹಿ ಹಾಕಿದರು ಎಂದು ನಾವು ಓದುತ್ತೇವಲ್ಲ, ಆ ಸಹಿಯ ಹಿಂದೆ ಪಟೇಲರ ಕಚೇರಿಯಷ್ಟೇ ಈ ಬೀದಿಗಳೂ ಇದ್ದವು. ದೆಹಲಿಯ ಕಡತಗಳಲ್ಲಿ ಬೀದಿಗೆ ಸಿಗುವ ಜಾಗ ಕಡಿಮೆ.

ಸಹಿ ಎಂದರೂ ಎರಡು ಸಹಿ. 1947ರ ಆಗಸ್ಟ್ ಹೊತ್ತಿಗೆ ಹಾಕಿದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರನ್ನು ದೆಹಲಿಗೆ ಬಿಟ್ಟುಕೊಡುವ ಸಹಿ. ದೊರೆ ದೊರೆಯಾಗಿಯೇ ಉಳಿದಿದ್ದ. ಎರಡನೆಯದು ಆಡಳಿತವನ್ನೇ ಒಪ್ಪಿಸುವ ವಿಲೀನದ ಸಹಿ. ಈ ನಡುವೆ ಸಾಂಗ್ಲಿ, ಔಂಧ, ಭೋರ, ಫಲ್ಟಣ ಮೊದಲಾದವರು ಸೇರಿ ದಖ್ಖನ್ ಸಂಸ್ಥಾನಗಳದೇ ಒಂದು ಒಕ್ಕೂಟ ಕಟ್ಟಲು ಹೊರಟಿದ್ದರು. ಗಾಂಧೀಜಿಯ ಸಲಹೆಯನ್ನೂ ಕೇಳಿದ್ದರು. ಒಂದಕ್ಕೊಂದು ಅಂಟದ ತುಂಡುಗಳಿಂದ ರಾಜ್ಯ ಕಟ್ಟುವುದು ಹೇಗೆ? ಅದು ನಿಲ್ಲಲಿಲ್ಲ. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಾಂಗ್ಲಿ, ಮೀರಜಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದವು. ರಾಮದುರ್ಗದ ಬಳಿಯ ತೊರಗಲ್ಲು ಮಾತ್ರ ಕೊಲ್ಹಾಪುರದ ಅಧೀನದ ಜಹಗೀರು. ಕೊಲ್ಹಾಪುರ ವಿಲೀನವಾದದ್ದು 1949ರ ಮಾರ್ಚ್ 1ಕ್ಕೆ. ತೊರಗಲ್ಲಿನ ಕೋಟೆ, ಭೂತನಾಥ ಗುಡಿ ನೋಡಲು ರಾಮದುರ್ಗದಿಂದ ಆಟೋದಲ್ಲಿ ಹೋದರೆ ಸಾಕು. ಆ ಒಂದು ವರ್ಷ ಅಲ್ಲಿಗೆ ಹೋದವರು ಭಾರತದ ಒಂದು ಜಿಲ್ಲೆಯಿಂದ ಮಹಾರಾಜರ ಸೀಮೆಗೆ ಹೋಗುತ್ತಿದ್ದರು.

ಅದೇ ಅವಧಿಯಲ್ಲಿ ಪೂರ್ವದ ಗಡಿಯಲ್ಲಿ ಬೇರೆಯೇ ಕಥೆ ನಡೆದಿತ್ತು. ಮುಂಡರಗಿ, ಗಜೇಂದ್ರಗಡಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಪುಂಡಲೀಕಪ್ಪ ಜ್ಞಾನಮೋಠೆ ಶಿಬಿರ ಹೂಡಿ ನಿಜಾಮನ ಸೀಮೆಯೊಳಗೆ ಹೋರಾಡುತ್ತಿದ್ದರು. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಸೈನಿಕ ಕಾರ್ಯಾಚರಣೆಯಲ್ಲಿ ಹೈದರಾಬಾದ್ ಮುಗಿಯಿತು. ಅದು ಬೇರೆಯೇ ಪ್ರವಾಸ ಬೇಡುವ ದಾರಿ, ರಕ್ತದ ದಾರಿ. ನಾನು ಹೊರಟದ್ದು ಸದ್ದಾಗದ ಕಡೆಗೆ.

ಮುಧೋಳದಲ್ಲಿ ಹೆಚ್ಚು ನಿಲ್ಲಲಿಲ್ಲ. ಘಟಪ್ರಭೆ, ಕಬ್ಬು, ಕವಿ ರನ್ನನ ಹೆಸರು, ಮತ್ತೆ ನಾಯಿ. ಘೋರ್ಪಡೆ ದೊರೆ ಮಾಲೋಜಿರಾವ್ ಬೇಟೆನಾಯಿಗಳನ್ನು ಐದನೆಯ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟ ಮೇಲೆ ಅವಕ್ಕೆ ಮುಧೋಳದ ಹೆಸರು ಅಂಟಿತು. ಒಂಬತ್ತು ತೋಪಿನ ಗೌರವವಿದ್ದ ಸಂಸ್ಥಾನವನ್ನು ಇಂದು ಲೋಕ ನೆನೆಯುವುದು ನಾಯಿಯಿಂದ. ರನ್ನನ ಪಾಡು ಅದಕ್ಕಿಂತ ಉತ್ತಮವೇನಲ್ಲ ಎಂದು ಒಬ್ಬ ಮೇಷ್ಟ್ರು ಬಸ್ ನಿಲ್ದಾಣದಲ್ಲಿ ಗೊಣಗಿದರು.

ಜಮಖಂಡಿಗೆ ಬಂದಾಗ ಮಾತ್ರ ಊರಿನ ಠೀವಿ ಬೇರೆ ಎನ್ನಿಸಿತು. ಕಟ್ಟೆಕೆರೆ, ಪಿ.ಬಿ. ಹೈಸ್ಕೂಲು, ರಾಮತೀರ್ಥದ ಗುಡ್ಡದ ಮೇಲೆ ಅರಮನೆ. ಪುಣೆಯ ಸರ್ ಪರಶುರಾಮಭಾವೂ ಕಾಲೇಜಿನ ಹೆಸರು ಈ ಮನೆತನದ್ದೇ. ತಾಲ್ಲೂಕು ಕೇಂದ್ರವೊಂದಕ್ಕೆ ಇಷ್ಟೆಲ್ಲ ಇರುವುದಿಲ್ಲ; ಇದು ರಾಜಧಾನಿಯಾಗಿದ್ದ ಊರು. ಜಮಖಂಡಿಯನ್ನು ಜಿಲ್ಲೆ ಮಾಡಿ ಎಂಬ ಕೂಗು ಇಲ್ಲಿ ಹಳೆಯದು, ಅದರ ಹಿಂದೆ ಅಭಿವೃದ್ಧಿಯ ಲೆಕ್ಕದ ಜೊತೆಗೆ ಈ ನೆನಪೂ ಇದೆ. ದೇಶ ಕಟ್ಟುವಾಗ ಇಂಥ ಊರುಗಳು ಸ್ವಂತ ಕೋರ್ಟು, ಸ್ವಂತ ಕಚೇರಿ, ದೊರೆಯನ್ನು ಎದುರಿಗೇ ಕಂಡು ಅರ್ಜಿ ಕೊಡುವ ಅವಕಾಶ ಎಲ್ಲವನ್ನೂ ಕಳೆದುಕೊಂಡವು. ದೊರೆಯ ಮರ್ಜಿಯಲ್ಲಿ ಬದುಕುವುದಕ್ಕಿಂತ ಅದು ಸಾವಿರ ಪಾಲು ಮೇಲು ಎಂದೇ ನನ್ನ ಅಭಿಪ್ರಾಯ, ಆದರೆ ನಷ್ಟವೇ ಆಗಲಿಲ್ಲ ಎನ್ನಲಾರೆ.

ದೇಶದಲ್ಲೇ ಮೊದಲು ವಿಲೀನವಾದದ್ದು ಜಮಖಂಡಿ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಒಡಿಶಾದ ಸಣ್ಣ ದೊರೆಗಳು 1947ರ ಡಿಸೆಂಬರ್‌ನಲ್ಲೇ ಸಹಿ ಹಾಕಿಯಾಗಿತ್ತು. ಊರಿನ ಅಭಿಮಾನದೊಂದಿಗೆ ತಾರೀಖು ಹಿಡಿದು ವಾದಿಸುವ ಆಸೆ ನನಗಿರಲಿಲ್ಲ. ಕೊನೆಯ ದೊರೆ ಶಂಕರರಾವ್ ಪಟವರ್ಧನರ ಬಗ್ಗೆ ಜನ ಇಂದಿಗೂ ಗೌರವದಿಂದ ಮಾತನಾಡುತ್ತಾರೆ.

ಜಮಖಂಡಿ ತಾಲ್ಲೂಕಿನ ಸಾವಳಗಿಗೆ ಹೋದದ್ದು ಬಿ.ಡಿ. ಜತ್ತಿಯವರಿಗಾಗಿ. ಅವರ ಬದುಕನ್ನು ಓದಿದರೆ ವಿಲೀನದ ಇತಿಹಾಸ ಬೇರೆ ಓದಬೇಕಿಲ್ಲ. ಜಮಖಂಡಿ ಪುರಸಭೆಯಲ್ಲಿ ಶುರು, ಸಂಸ್ಥಾನದ ಸರಕಾರದಲ್ಲಿ ಮಂತ್ರಿ, ಮುಖ್ಯಮಂತ್ರಿ. ಸಂಸ್ಥಾನ ಹೋಯಿತು, ಮುಂಬಯಿ ವಿಧಾನಸಭೆಗೆ ನಾಮನಿರ್ದೇಶನವಾಯಿತು, 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರ ಸರಕಾರದಲ್ಲಿ ಉಪಮಂತ್ರಿ. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆಯೇ ಮೈಸೂರು ರಾಜ್ಯಕ್ಕೆ ಬಂತು, ಜತ್ತಿಯವರೂ ಬಂದರು. 1958ರಲ್ಲಿ ಅಲ್ಲಿಯೂ ಮುಖ್ಯಮಂತ್ರಿ. ಊರು ಬಿಡದೆಯೇ ಮೂರು ರಾಜ್ಯ ಕಂಡವರು. 1977ರ ಮಾರ್ಚ್‌ನಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದಾಗ ಎದುರು ನಿಂತಿದ್ದವರು ಅದೇ ಮೊರಾರ್ಜಿ ದೇಸಾಯಿ.

ಸಾವಳಗಿಯ ಉತ್ತರಕ್ಕೆ, ರಾಜ್ಯದ ಗಡಿಯಾಚೆ ಜತ್ತ. ಡಫಳೆ ಮನೆತನದ ಸಂಸ್ಥಾನ, ಅದೂ 1948ರಲ್ಲೇ ಮುಂಬಯಿಗೆ ಸೇರಿತ್ತು. ಆದರೆ 1956ರಲ್ಲಿ ಜಮಖಂಡಿಯಂತೆ ಇತ್ತ ಬರಲಿಲ್ಲ, ಅಲ್ಲಿಯೇ ಉಳಿದು ಮುಂದೆ ಮಹಾರಾಷ್ಟ್ರವಾಯಿತು. ಜತ್ತ ತಾಲ್ಲೂಕಿನ 44 ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ವರದಿ ಹೇಳಿತು, ವರದಿ ಜಾರಿಯಾಗಲಿಲ್ಲ. ಅಲ್ಲಿ ಮಹಾರಾಷ್ಟ್ರ ಸರಕಾರದ ಕನ್ನಡ ಶಾಲೆಗಳಿವೆ. 2022ರ ಕೊನೆಗೆ ಅಲ್ಲಿಯ ಕೆಲವು ಹಳ್ಳಿಗಳವರು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಮತ್ತೆ ಎದ್ದದ್ದು ಭಾಷೆಯ ಕಾರಣಕ್ಕಿಂತ ಹೆಚ್ಚಾಗಿ ನೀರಿಗಾಗಿ. ಅದು ಸುದ್ದಿಯಾದ ಕೂಡಲೇ ಎರಡೂ ಕಡೆಯ ಮಂತ್ರಿಗಳು ಮಾತನಾಡಿದರು, ಗಡಿಯಲ್ಲಿ ಬಸ್ಸುಗಳಿಗೆ ಮಸಿ ಬಳಿದರು. ಜತ್ತದ ಕಡೆಗೆ ಹೋಗುವವರು ಅಥಣಿಯಲ್ಲಿ ಬಸ್ಸು ಬದಲಿಸಬೇಕು. ನಾನೂ ಬದಲಿಸಿದೆ. ಕಂಡಕ್ಟರ್ ಟಿಕೆಟ್ ಕೊಡುವಾಗ ಮರಾಠಿಯಲ್ಲಿ ಲೆಕ್ಕ ಹೇಳಿ, ಚಿಲ್ಲರೆ ಇಲ್ಲವೆಂದು ಕನ್ನಡದಲ್ಲಿ ಬೈದ.